ಹಾಡಿನ ನಡುವಿನ ಸಂದು

ಕಾಜಕ್ಕನ ನಿಜವಾದ ಹೆಸರೇನೆಂದು ಕೇಳಿದರೆ ಆ ಬೀದಿಯ ಅರ್ಧ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಹೊಲಿಗೆ ಅಂಗಡಿಯ ಮೂಲೆಯಲ್ಲಿ, ಕಿಟಕಿಯ ಬೆಳಕಿಗೆ ಮಗ್ಗುಲಾಗಿ ಕೂತು, ಅಂಗಿಗಳಿಗೂ ಕೋಟುಗಳಿಗೂ ಕಾಜ ಹಾಕುವುದು ಅವಳ ಕೆಲಸ. ಗುಂಡಿ ತೂರುವ ಸೀಳಿನ ಸುತ್ತ ಒತ್ತೊತ್ತಾಗಿ ದಾರದ ಅಂಚು ಕಟ್ಟುತ್ತ ಕಟ್ಟುತ್ತ ಅವಳ ಎಡಗೈ ಹೆಬ್ಬೆರಳು ಮರದ ತುಂಡಿನಂತೆ ಗಟ್ಟಿಯಾಗಿತ್ತು. ಅಂಗಡಿಗೆ ಕಾಜದ ಮಿಷನ್ನು ಬಂದ ಮೇಲೂ ಮಾಸ್ತರು ಅವಳನ್ನು ಬಿಡಲಿಲ್ಲ. "ಮಿಷನ್ನಿನ ಕಾಜ ಹಲ್ಲು ಕಿರಿದ ಹಾಗಿರುತ್ತೆ. ನಮ್ಮ ಕಾಜಕ್ಕನದು ಮರ್ಯಾದಸ್ಥರು ತುಟಿ ಮುಚ್ಚಿಕೊಂಡ ಹಾಗೆ" ಎನ್ನುತ್ತಿದ್ದರು.

ಅವಳದೊಂದು ಕಟ್ಟಳೆ ಇತ್ತು. ಎದ್ದು ನೀರು ಕುಡಿಯಲು ಹೋಗುವುದಿದ್ದರೂ ಸರಿ, ಸೂಜಿಯನ್ನು ಬಟ್ಟೆಯಲ್ಲಿ ಬಿಟ್ಟು ಏಳುತ್ತಿರಲಿಲ್ಲ. ಎಳೆದು, ಸೆರಗಿನ ತುದಿಯಿಂದ ಒರೆಸಿ, ತಗಡಿನ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿಯೇ ಏಳುವುದು. ಕೆಲಸ ಕಲಿಸಿದ ತಾಯಿ ಹೇಳಿಕೊಟ್ಟ ಮಾತದು: "ಸೂಜಿ ಬಟ್ಟೆಯಲ್ಲಿ ನಿದ್ದೆ ಮಾಡಬಾರದು ಮಗಳೇ. ತುಕ್ಕು ಹಿಡಿದರೆ ಬಟ್ಟೆಗೆ ಕೇಡು, ಕೂತವರಿಗೆ ಚುಚ್ಚಿದರೆ ಅಂಗಡಿಗೆ ಕೇಡು." ತಾಯಿ ಹೋಗಿ ಎಷ್ಟೋ ಕಾಲವಾದರೂ ಮಾತು ಬೆರಳಲ್ಲಿ ಉಳಿದಿತ್ತು.

ತಂಗಿ ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಅವಳು, ಅವಳ ತಮ್ಮ. ಅಕ್ಕನದು ಮೊದಲಾಗಲಿ ಎಂದು ಅವನು ಮದುವೆಗೆ ಕಾದ. ತಮ್ಮನದಾದರೂ ಆಗಲಿ ಎಂದು ಇವಳು ಕಾದಳು. 'ನೀನು ಮೊದಲು, ನೀನು ಮೊದಲು' ಎನ್ನುವಷ್ಟರಲ್ಲಿ ಇಬ್ಬರ ತಲೆಯೂ ನೆರೆಯಿತು. ತಮ್ಮ ಟೆಲಿಫೋನ್ ಕಚೇರಿಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರವರ ಕರೆಗಳನ್ನು ಜೋಡಿಸುವ ಕೆಲಸದಲ್ಲಿದ್ದ. ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಗೂ ತಮ್ಮನ ಕೋಣೆಗೂ ನಡುವೆ ಹಲಗೆಯ ಗೋಡೆ. ಈ ಕಡೆ ಸೌಟು ಬಿದ್ದರೆ ಆ ಕಡೆ ಬೆಚ್ಚಿಬೀಳಬೇಕು, ಅಷ್ಟು ತೆಳು.

ಯಾರೋ ಮಾರಿದ ಹಳೆಯ ಕಂಪ್ಯೂಟರೊಂದನ್ನು ತಮ್ಮ ಒಂದು ದಿನ ಹೊತ್ತು ತಂದ. ಜೊತೆಗೆ ಒಂದು ಆಟ. ಅದರಲ್ಲೊಂದು ಹಡಗು. ಒಂದು ದ್ವೀಪದಲ್ಲಿ ಸರಕು ತುಂಬಿ, ಬಿರುಗಾಳಿ ತಪ್ಪಿಸಿ, ಇನ್ನೊಂದು ದ್ವೀಪದ ಬಂದರಿಗೆ ಮುಟ್ಟಿಸಬೇಕು. ಬಂದರಿನಲ್ಲಿ ಹಡಗು ನಿಂತಾಗ ಒಂದು ರಾಗ ಕೇಳುತ್ತಿತ್ತು, ತೊಟ್ಟಿಲು ತೂಗಿದಂತೆ ನಿಧಾನವಾಗಿ. ತಮ್ಮ ಹಡಗು ಓಡಿಸಿದ್ದಕ್ಕಿಂತ ಬಂದರಿನಲ್ಲಿ ನಿಲ್ಲಿಸಿಕೊಂಡು ಕೂತದ್ದೇ ಹೆಚ್ಚು.

"ಅದನ್ನ ಕಿವಿಗೆ ಸಿಕ್ಕಿಸಿಕೊಂಡು ನೀನೊಬ್ನೇ ಕೇಳಬಾರದೇನೋ?" ಎಂದು ಅಕ್ಕ ಬೈದರೆ, "ಬೆಳಗಿಂದ ಊರವರ ಜಗಳ, ಬಾಣಂತನ, ಸಾವು, ಎಲ್ಲ ಈ ಕಿವಿಗೇ ಬಡಿದಿರುತ್ತೆ. ಮನೇಲಾದ್ರೂ ಕಿವಿಗೆ ಬಿಡುಗಡೆ ಬೇಡ್ವಾ?" ಎನ್ನುತ್ತಿದ್ದ. ಹೀಗೆ ಆ ರಾಗ ಎರಡು ಪುಟ್ಟ ಸ್ಪೀಕರಿನಿಂದ ಹೊರಟು, ಹಲಗೆ ದಾಟಿ, ಅಂಗಡಿಯಿಂದ ತಂದ ಕಾಜದ ಕೆಲಸ ಹಿಡಿದು ಒಲೆಯ ಪಕ್ಕದ ಮಣೆಯ ಮೇಲೆ ಕೂತ ಕಾಜಕ್ಕನಿಗೂ ಬರುತ್ತಿತ್ತು.

ಆ ರಾಗಕ್ಕೊಂದು ನಡತೆ ಇತ್ತು. ಕೊನೆಯವರೆಗೂ ಹೋಗಿ ನಿಂತುಬಿಡುತ್ತಿತ್ತು. ಪೆಟ್ಟಿಗೆಯೊಳಗೆ 'ಟಿಕ್' ಎಂದು ಏನೋ ಸರಿದ ಸದ್ದು, ಒಂದು ಉಸಿರಿನಷ್ಟು ಮೌನ, ಆಮೇಲೆ ಮೊದಲಿಂದ ಶುರು. ಆ ಸಂದಿನಲ್ಲೇ ಅಕ್ಕ-ತಮ್ಮಂದಿರ ಸಂಸಾರದ ಮಾತೆಲ್ಲ ನಡೆಯುತ್ತಿತ್ತು. ರಾಗ ನಡೆಯುವಾಗ ಕೂಗಿದರೆ ಅದರಲ್ಲೇ ಮುಳುಗಿದ ಅವನಿಗೆ ಕೇಳಿಸುತ್ತಿರಲಿಲ್ಲ. ಆದ್ದರಿಂದ ಅವಳು ಸೂಜಿ ಎತ್ತಿ ಹಿಡಿದು ಕಾಯುತ್ತಿದ್ದಳು. ರಾಗ ನಿಂತಿತೋ, "ಏಯ್, ಊಟಕ್ಕೆ ಏಳ್ತೀಯೋ ಇಲ್ವೋ?" ಎಂದು ಕೂಗು. "ಬಂದೆ ಅಕ್ಕಾ, ದಡ ಮುಟ್ಟಿಸಿ ಬಂದೆ" ಎಂದು ಉತ್ತರ. ಅಷ್ಟರಲ್ಲಿ ರಾಗ ಶುರು. ದಡದಲ್ಲೇ ನಿಂತಿರುವ ಹಡಗನ್ನು ಇನ್ನೆಲ್ಲಿಗೆ ಮುಟ್ಟಿಸುತ್ತಾನೆಂದು ಕೇಳಲು ಮುಂದಿನ ಸಂದಿನವರೆಗೆ ಕಾಯಬೇಕು. ಹಾಗೆ ಒಂದು ಜಗಳ ಮುಗಿಯಲು ಒಂದು ಇಡೀ ಸಂಜೆ ಹಿಡಿದದ್ದೂ ಉಂಟು. ಅಷ್ಟು ಹೊತ್ತಿಗೆ ಯಾವುದಕ್ಕೆ ಜಗಳ ಶುರುವಾಗಿತ್ತೆಂಬುದೇ ಇಬ್ಬರಿಗೂ ಮರೆತಿರುತ್ತಿತ್ತು.

ಎದೆ ಹಿಡಿದುಕೊಂಡು ಆಸ್ಪತ್ರೆಗೆ ಹೋದ ತಮ್ಮ ಅಲ್ಲಿಂದ ಮರಳಲಿಲ್ಲ.

ಬಂದವರೆಲ್ಲ ಹೋದ ಮೇಲೆ ಕಾಜಕ್ಕ ಅವನ ಕೋಣೆ ಗುಡಿಸಿದಳು. ಅಂಗಿಗಳನ್ನು ಮಡಿಸಿದಳು; ಒಂದರ ಕಾಜ ಸಡಿಲಾಗಿದ್ದುದನ್ನು ಕಂಡು, ಇನ್ನು ಯಾರು ತೊಡುವರೆಂದು ಯೋಚಿಸದೆ, ಕೂತು ಬಿಗಿ ಮಾಡಿದಳು. ಕಂಪ್ಯೂಟರಿನ ಧೂಳು ಒರೆಸುವಾಗ ಕೈ ಯಾವುದೋ ಗುಂಡಿಗೆ ತಾಗಿ ಪೆಟ್ಟಿಗೆಗೆ ಜೀವ ಬಂತು, ಇನ್ನೊಂದಕ್ಕೆ ತಾಗಿ ಅದು ನಾಲಿಗೆ ಚಾಚಿತು. ನಾಲಿಗೆಯ ಮೇಲೆ ಹೊಳೆಯುವ ಬಿಲ್ಲೆ. ಆಡುವವನು ಎದ್ದು ಹೋಗಿದ್ದಾನೆ, ಬಿಲ್ಲೆ ಒಳಗೇ ಇದೆ. ಅವಳ ಕೈ ಸುಮ್ಮನಿರುವುದುಂಟೇ? ಎತ್ತಿ, ಸೆರಗಿನಿಂದ ಒರೆಸಿ, ಅದರ ಡಬ್ಬಿಗೆ ಹಾಕಿ, ಅವನ ಅಂಗಿಗಳ ಕೆಳಗೆ ಜೋಪಾನವಾಗಿ ಇಟ್ಟಳು. ಇಟ್ಟು ಮರೆತೂಬಿಟ್ಟಳು. ಸೂಜಿ ಡಬ್ಬಿಗೆ ಹಾಕಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಆಮೇಲೆ ಅವಳಿಗೆ ಊಟ ಮರೆಯತೊಡಗಿತು. ಹಸಿವಿಲ್ಲವೆಂದಲ್ಲ. ಒಲೆಯ ಪಕ್ಕ ಕೂತು ಕಾಜ ಹಾಕುತ್ತಿದ್ದವಳು ಯಾವುದಕ್ಕೋ ಕಾಯುತ್ತ ಕೂತಿರುತ್ತಿದ್ದಳು. ಕಾಯುತ್ತಿದ್ದದ್ದು ಬರುತ್ತಿರಲಿಲ್ಲ, ಏಳುವ ಹೊತ್ತೂ ಆಗುತ್ತಿರಲಿಲ್ಲ. ಬೆಳಿಗ್ಗೆ ನೋಡಿದರೆ ಮುಚ್ಚಿಟ್ಟ ಪಾತ್ರೆ ಮುಚ್ಚಿದಂತೆಯೇ ಇರುತ್ತಿತ್ತು.

ತಂಗಿಯ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ನೋಡಲು ಬಂದವಳು ಬಾಗಿಲಲ್ಲೇ ನಿಂತಳು. "ಏನು ದೊಡ್ಡಮ್ಮ, ರವಿಕೆ ನಿನ್ನನ್ನ ತೊಟ್ಟುಕೊಂಡಿದೆಯೋ, ನೀನು ರವಿಕೆನ ತೊಟ್ಟುಕೊಂಡಿದ್ದೀಯೋ? ನಡಿ ನಮ್ಮನೆಗೆ. ಈ ತಿಂಗಳು ಕಳೀಲಿ, ನೀನು ಹೀಗೇ ಇದ್ರೆ ಈ ಮನೆಗೆ ಬೀಗ ಹಾಕಿ ಎತ್ತಿಕೊಂಡು ಹೋಗ್ತೀನಿ."

"ನಾನೇನು ಕೂಸಾ, ಎತ್ತಿಕೊಳ್ಳೋಕೆ?"

"ಕೂಸಾದ್ರೆ ಹಸಿವಾದಾಗ ಅಳುತ್ತೆ. ನಿನಗೆ ಅಷ್ಟೂ ಬುದ್ಧಿ ಇಲ್ಲ."

ಕಾಜಕ್ಕ ಹುಡುಗಿಯ ಮುಖ ನೋಡದೆ, "ಅವನ ಹಾಡೊಂದು ಕೇಳಿಸಿದ್ರೆ ಊಟದ ಹೊತ್ತು ತಿಳೀತಿತ್ತು" ಎಂದಳು.

ಅದಕ್ಕೇನಂತೆ ಎಂದು ಹುಡುಗಿ ಕಂಪ್ಯೂಟರು ಹಾಕಿದಳು. ಆಟ ತೆರೆಯಿತು. ತಮ್ಮ ಬಿಟ್ಟುಹೋದ ಬಂದರಿನಲ್ಲೇ ಹಡಗು ನಿಂತಿತ್ತು. ಅಲೆ ದಡಕ್ಕೆ ಬಡಿಯಿತು, ಹಡಗಿನ ಕಂಬ ಕಿರುಗುಟ್ಟಿತು, ಹಕ್ಕಿ ಕೂಗಿತು. ರಾಗ ಮಾತ್ರ ಇಲ್ಲ. ಹುಡುಗಿ ಸದ್ದು ಏರಿಸಿದಳು. ಹಕ್ಕಿಗಳು ಎಷ್ಟು ಜೋರಾಗಿ ಅರಚಿದವೆಂದರೆ ಕೆಳಮನೆಯಾಕೆ ಕೋಲು ಹಿಡಿದು ಮೇಲೆ ಬಂದಳು. "ಹಕ್ಕಿ ನುಗ್ಗಿತಾ ಕಾಜಕ್ಕ?" "ನುಗ್ಗಿದ್ದು ಹಕ್ಕಿಯಲ್ಲ ಕಣೇ, ನೀನು" ಎಂದು ಅವಳನ್ನು ಕಳಿಸಿದ್ದಾಯಿತು. ಆಟದ ಒಳಗೆ ಹಾಡಿನ ಸದ್ದಿಗೆಂದೇ ಇದ್ದ ಗುರುತನ್ನೂ ಹುಡುಗಿ ಹುಡುಕಿ ನೋಡಿದಳು. ಅದು ಪೂರ್ತಿ ಏರಿಸಿಯೇ ಇತ್ತು.

ಕೊನೆಗೆ ಅವಳು ತನ್ನ ಮೊಬೈಲಿನಲ್ಲಿ ತಡಕಾಡಿ ಅದೇ ರಾಗ ಹಿಡಿದು ತಂದಳು. ಯಾರೋ ಆಟದಿಂದ ಬಿಡಿಸಿ, ತುದಿಗೆ ತುದಿ ಕೂಡಿಸಿ, ಎಡೆಬಿಡದೆ ಹರಿಯುವ ಹಾಗೆ ಮಾಡಿಟ್ಟಿದ್ದರು. "ಇದೇ ತಾನೇ ದೊಡ್ಡಮ್ಮ?"

ಕಾಜಕ್ಕ ಕಣ್ಣು ಮುಚ್ಚಿ ಕೇಳಿದಳು. ರಾಗ ಮುಗಿಯುವ ಜಾಗ ಬಂತು. ಅವಳ ಬಾಯಿ ತಾನಾಗಿ ತೆರೆಯಿತು. ರಾಗ ನಿಲ್ಲಲಿಲ್ಲ, ಅವಳ ತೆರೆದ ಬಾಯಿಯ ಮೇಲೇ ಹಾದುಹೋಯಿತು.

"ಇದೇ. ಆದ್ರೆ ಇದು ಉಸಿರಾಡಲ್ಲ ಕಣೆ."

"ಹಾಡು ಯಾವಾಗ ಉಸಿರಾಡುತ್ತೆ ದೊಡ್ಡಮ್ಮ?" ಎಂದ ಹುಡುಗಿಗೆ ಅವಳು ಬಿಡಿಸಿ ಹೇಳಲಿಲ್ಲ. ಸತ್ತವನನ್ನು ಊಟಕ್ಕೆ ಕರೆಯಲು ಜಾಗ ಬೇಕು ಎಂದು ಯಾವ ಬಾಯಲ್ಲಿ ಹೇಳುವುದು?

ಬೀದಿಯ ತುದಿಯ ಕಂಪ್ಯೂಟರ್ ರಿಪೇರಿಯವನು ಬಂದು ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಒಳಗೆಲ್ಲ ಶುಚಿ ಮಾಡಿ ತಂದು ಜೋಡಿಸಿದ. ಅವನೂ ಕೈಚೆಲ್ಲಿದ. "ಹೊಟ್ಟೆ ತುಂಬಾ ಧೂಳಿತ್ತು ಅಮ್ಮ, ತೆಗೆದೆ. ಸೌಂಡೆಲ್ಲ ಸರಿ ಇದೆ. ಈ ಆಟದಲ್ಲೇ ಹಾಡಿಲ್ಲ ಅನ್ಸುತ್ತೆ."

"ಹಾಗಾದ್ರೆ ಇಷ್ಟು ವರ್ಷ ಹಾಡ್ತಿದ್ದದ್ದು ನನ್ನ ಗೋಡೆಯಾ?"

ರಿಪೇರಿಯವನು ನಕ್ಕು ಹೊರಟುಹೋದ. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಅವನನ್ನು ಬಿಡಲಿಲ್ಲ.

ತಿಂಗಳು ಮುಗಿಯುತ್ತ ಬಂತು. ಕಾಜಕ್ಕ ಪಾತ್ರೆಗಳಲ್ಲಿ ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು ಎಂದು ಮನಸ್ಸಿನಲ್ಲೇ ಬೇರ್ಪಡಿಸತೊಡಗಿದ್ದಳು. ತಂಗಿಯ ಮಗಳ ಮನೆಯಲ್ಲಿ ಜಾಗವಿತ್ತು, ಪ್ರೀತಿಯೂ ಇತ್ತು. ಅಲ್ಲಿ ಹಲಗೆಯ ಗೋಡೆ ಇರಲಿಲ್ಲ, ಅಷ್ಟೇ.

ಒಂದು ಮಧ್ಯಾಹ್ನ ರಿಪೇರಿಯವನು ತನ್ನ ಕೋಟಿನ ಕಾಜ ಹರಿದಿದೆಯೆಂದು ಹೊಲಿಗೆ ಅಂಗಡಿಗೆ ಬಂದ. ಕಾಜಕ್ಕ ಅರ್ಧ ಮುಗಿಸಿದ್ದಳು. ದಾರ ಸಾಲಲಿಲ್ಲ, ತರಲು ಏಳಬೇಕಾಯಿತು. ಸೂಜಿ ಎಳೆದಳು, ಒರೆಸಿದಳು, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಈಗಲೇ ಮತ್ತೆ ಬೇಕಲ್ಲಮ್ಮ! ಅಲ್ಲೇ ಚುಚ್ಚಿಟ್ಟು ಹೋಗಬಾರದಾ?"

"ಏನಪ್ಪಾ ಮಾತು ಆಡ್ತೀಯ! ಎದ್ದ ಮೇಲೆ ತೆಗೆದಿಡಬೇಕು. ಸೂಜಿಯಾಗ್ಲಿ, ಕತ್ತರಿಯಾಗ್ಲಿ."

"ಅವರದ್ದು ಹಾಗೇ ಕಣಯ್ಯ," ಎಂದರು ಮಾಸ್ತರು ಒಳಗಿಂದ. "ನಾನು ಎದ್ದು ಹೋದ್ರೆ ನನ್ನನ್ನೂ ಒರೆಸಿ ಡಬ್ಬಿಗೆ ಹಾಕ್ತಾರೆ."

ರಿಪೇರಿಯವನು ನಗಲು ಹೊರಟವನು ಅರ್ಧಕ್ಕೇ ನಿಂತ. "ಅಮ್ಮ, ಆ ಆಟದ್ದು ಒಂದು ಡಿಸ್ಕ್ ಇತ್ತಾ? ದುಂಡಗೆ, ಹೊಳೆಯುವಂಥದ್ದು? ಅದನ್ನೂ..."

"ತೆಗೆಯದೆ ಮತ್ತೆ? ಅವನು ಹೋದ ಮೇಲೆ ಅಲ್ಲೇ ಬಿಟ್ಟಿರೋಕಾಗುತ್ತಾ?"

ಅವನು ಹಣೆ ಚಚ್ಚಿಕೊಂಡ. "ಆ ಕಾಲದ ಆಟ ಹಾಗೇ ಅಮ್ಮ. ಹಡಗು, ನೀರು, ಹಕ್ಕಿ ಎಲ್ಲ ಕಂಪ್ಯೂಟರ್ ಒಳಗೆ ಇಳಿದಿರುತ್ತೆ. ಹಾಡು ಮಾತ್ರ ಇಳಿದಿರಲ್ಲ, ಡಿಸ್ಕಲ್ಲೇ ಇರುತ್ತೆ. ಡಿಸ್ಕ್ ತಿರುಗಿದ್ರೇ ಹಾಡು. ನಾನಾದ್ರೂ ಕೇಳಬೇಡ್ವಾ!"

ಕಾಜಕ್ಕ ದಾರದ ಉಂಡೆ ಹಿಡಿದು ನಿಂತೇ ಇದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಅವನ ಹಾಡನ್ನು ನಿಲ್ಲಿಸಿದ್ದು ಸಾವಲ್ಲ, ತನ್ನ ಕೈ. ಅದಕ್ಕೆ ಅಳಬೇಕೋ ಸಮಾಧಾನಪಡಬೇಕೋ ತಿಳಿಯದೆ, "ಕೋಟು ಮುಗಿಸಿಬಿಡ್ತೀನಿ, ಕೂತ್ಕೋ" ಎಂದಳು. ಆ ದಿನದ ಕಾಜ ಅವಳ ಕೈಯಲ್ಲೇ ಮೊದಲ ಬಾರಿಗೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹಾಕಿದಳು.

ಸಂಜೆ ರಿಪೇರಿಯವನೂ ಮನೆಗೆ ಬಂದ. ಅಂಗಿಗಳ ಕೆಳಗಿನಿಂದ ಡಿಸ್ಕು ಹೊರಬಂತು. ಪೆಟ್ಟಿಗೆ ನಾಲಿಗೆ ಚಾಚಿ ನುಂಗಿತು. ಒಳಗೆ ಗುಂಯ್ಯೆಂದು ತಿರುಗಿತು. ಹಡಗು ಬಂದರಿನಲ್ಲಿ ತೂಗಿತು, ಅಲೆ ಬಡಿಯಿತು, ಹಕ್ಕಿ ಕೂಗಿತು. ರಾಗವಿಲ್ಲ.

ಕಾಜಕ್ಕನ ಮುಖ ನೋಡಲು ರಿಪೇರಿಯವನಿಗೆ ಧೈರ್ಯವಾಗಲಿಲ್ಲ. "ನಾನು ಒರೆಸಿದ್ದಕ್ಕೆ ಅಳಿಸಿಹೋಯ್ತೇನೋ" ಎಂದಳು ಅವಳು ಮೆಲ್ಲಗೆ.

"ಇರಿ, ಇರಿ." ಅವನು ಜೇಬಿನಿಂದ ಕಿವಿಗೆ ಸಿಕ್ಕಿಸುವ ತಂತಿ ತೆಗೆದು, ಡಿಸ್ಕು ನುಂಗಿದ ಬಾಯಿಯ ಕೆಳಗಿದ್ದ ಸಣ್ಣ ತೂತಿಗೆ ಚುಚ್ಚಿದ. ಕೇಳಿದ. ಅವನ ಹುಬ್ಬು ಮೇಲೇರಿತು. ಒಂದು ತುದಿಯನ್ನು ಅವಳ ಕಿವಿಗೆ ಇಟ್ಟ.

ಇತ್ತು. ಸಣ್ಣಗೆ, ಬಾವಿಯ ತಳದಿಂದ ಬಂದಂತೆ, ಆದರೆ ಇತ್ತು.

"ಹಾಡು ಹುಟ್ತಾ ಇದೆ ಅಮ್ಮ, ಹೊರಗಿನ ಸ್ಪೀಕರ್ ತನಕ ಬರ್ತಾ ಇಲ್ಲ. ಡಿಸ್ಕಿನ ಮನೆಯಿಂದ ಸೌಂಡಿನ ಮನೆಗೆ ಒಂದು ತೆಳು ವೈರ್ ಇರಬೇಕು..." ಎಂದು ಮುಚ್ಚಳ ಬಿಚ್ಚಿದವನು ಹಾಗೆಯೇ ನಾಲಿಗೆ ಕಚ್ಚಿಕೊಂಡ. ಧೂಳು ತೆಗೆಯುವಾಗ ಆ ವೈರನ್ನು ಕಂಡು, ಈಗಿನ ಕಂಪ್ಯೂಟರುಗಳಲ್ಲಿ ಇಂಥದ್ದು ಇರುವುದಿಲ್ಲ, ಯಾವುದೋ ಕೆಲಸಕ್ಕೆ ಬಾರದ್ದು ಎಂದು ಅವನೇ ಕಿತ್ತು ಅಂಗಡಿಯ ತುಂಡುವೈರುಗಳ ಡಬ್ಬಕ್ಕೆ ಎಸೆದಿದ್ದ.

"ನೀವು ಸೂಜಿ ತೆಗೆದಿಟ್ಟಿರಿ," ಎಂದ ಮುಖ ಸಣ್ಣದು ಮಾಡಿಕೊಂಡು, "ನಾನು ದಾರಾನೇ ಎಳೆದುಹಾಕಿದೆ."

"ಓಡು," ಎಂದಳು ಕಾಜಕ್ಕ. "ಬೈಯೋದು ಆಮೇಲೆ ಬೈತೀನಿ."

ಅವನು ಓಡಿಹೋಗಿ ಡಬ್ಬ ಬಗ್ಗಿಸಿ ಹುಡುಕಿ ತಂದ. ಬೂದುಬಣ್ಣದ, ಎಳೆಯಷ್ಟು ತೆಳುವಾದ ವೈರು. ಎರಡು ತುದಿ ಸಿಕ್ಕಿಸಿದ. ಕೋಣೆಯೊಳಗೆ ರಾಗ ಎದ್ದು ನಿಂತಿತು.

ಅವನು ಸಾಮಾನು ಎತ್ತಿಕೊಂಡು, ಬೈಗುಳಕ್ಕೂ ಕಾಯದೆ, ಸದ್ದಿಲ್ಲದೆ ಮೆಟ್ಟಿಲಿಳಿದ.

ಕಾಜಕ್ಕ ತಮ್ಮನ ಕುರ್ಚಿಯಲ್ಲಿ ಕೂತಳು. ಅದರಲ್ಲಿ ಅವಳು ಎಂದೂ ಕೂತಿರಲಿಲ್ಲ. ರಾಗ ನಡೆಯಿತು, ಮುಗಿಯಿತು. ಟಿಕ್. ಸಂದು ಬಂತು. ಮೊದಲ ಬಾರಿಗೆ ಅವಳು ಅದನ್ನು ಅವನ ಕಡೆಯಿಂದ ಕೇಳಿದಳು. ಹಲಗೆಯಾಚೆ ಅಡುಗೆಮನೆ ಕತ್ತಲಾಗಿತ್ತು. ಆ ಕಡೆಯಿಂದ ಯಾರೂ ಕೂಗಲಿಲ್ಲ. ರಾಗ ಮತ್ತೆ ಶುರುವಾಯಿತು.

ಅವಳು ಎದ್ದಳು. ಎದ್ದ ಮೇಲೆ ಕೈ ಅಭ್ಯಾಸದಂತೆ ಪೆಟ್ಟಿಗೆಯ ಗುಂಡಿಯ ಕಡೆ ಹೋಯಿತು; ಹೋದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಹಿಂದಕ್ಕೆ ತಂದಳು. ಅಡುಗೆಮನೆಗೆ ಹೋಗಿ ದೀಪ ಹಾಕಿ, ತನ್ನ ಮಣೆಯ ಮೇಲೆ ಕೂತಳು. ಇಲ್ಲಿಂದ ರಾಗ ಸರಿಯಾಗಿತ್ತು, ಹಲಗೆ ದಾಟಿ ಅಂಚು ಮೆತ್ತಗಾಗಿ. ಕಾದಳು. ರಾಗ ನಿಂತಿತು.

"ಏಯ್, ಊಟಕ್ಕೆ ಏಳ್ತೀಯೋ ಇಲ್ವೋ?"

ದನಿ ಒಡೆದಿತ್ತು, ಬಹಳ ದಿನ ಯಾರನ್ನೂ ಕೂಗಿರದ ದನಿ. ಉತ್ತರ ಬರಬೇಕಾದ ಜಾಗ ಖಾಲಿ ಇತ್ತು. ಆ ಖಾಲಿಯೂ ಹೆಚ್ಚು ಹೊತ್ತು ಉಳಿಯದೆ ರಾಗ ಶುರುವಾಯಿತು. ಕಾಜಕ್ಕ ಒಂದು ತಟ್ಟೆ ತೆಗೆದಳು, ಇನ್ನೊಂದರ ಮೇಲೆ ಕೈ ಇಟ್ಟು ತೆಗೆಯದೆ ಬಿಟ್ಟಳು, ಬಡಿಸಿಕೊಂಡು ಕೂತಳು.

ಮುಂದಿನ ಸಂದು ಬಂದಾಗ ಬಾಯಲ್ಲಿ ತುತ್ತಿತ್ತು. ಕೂಗಲಾಗಲಿಲ್ಲ.