ಸೋಮವಾರದ ದಾರಿ

ಕೆಲಸ ಕೊಡಿಸುವುದನ್ನೇ ವೃತ್ತಿಯಾಗಿ ಹಿಡಿದವರು ನಮ್ಮ ನಡುವೆ ಕಡಿಮೆಯೇನಿಲ್ಲ. ಅರ್ಜಿ ಬರೆಸುವವರಿದ್ದಾರೆ, ತರಬೇತಿ ನಡೆಸುವವರಿದ್ದಾರೆ, ದೊಡ್ಡವರಿಗೆ ಶಿಫಾರಸು ಪತ್ರ ಕಳಿಸುವವರಿದ್ದಾರೆ. ಆದರೆ ಕೆಲಸ ಸಿಕ್ಕ ಮನುಷ್ಯ ತನ್ನ ಮನೆಯ ಹೊಸ್ತಿಲಿನಿಂದ ಕೆಲಸದ ಗೇಟಿನವರೆಗೆ ಹೇಗೆ ತಲುಪುತ್ತಾನೆ ಎಂಬ ಒಂದೇ ಪ್ರಶ್ನೆಯನ್ನು ತಮ್ಮ ಇಡೀ ಸೇವಾವಧಿಯ ಪ್ರಶ್ನೆಯಾಗಿ ಮಾಡಿಕೊಂಡವರು, ನಾನು ಕಂಡಂತೆ, ಒಬ್ಬರೇ. ಉದ್ಯೋಗ ನೆರವು ಕೇಂದ್ರದಲ್ಲಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ, ಎಲ್ಲರಿಗೂ ‘ದಾರಿ ಮೇಷ್ಟ್ರು’ ಎಂದೇ ಪರಿಚಿತರಾದ ನಮ್ಮ ಹಿರಿಯ ಸಹೋದ್ಯೋಗಿಯವರ ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ.

ಭಾಗ್ಯ ಎಂದೆನಾದರೂ ಈ ಅಭಿನಂದನ ಗ್ರಂಥದ ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಮೊದಲು ಹಿಂದೇಟು ಹಾಕಿದ್ದೆ. ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುತ್ತಿದ್ದವಳು ನಾನು. ಮೇಷ್ಟ್ರು ತಡವಾಗಿ ಬಂದರೆಂದು ಅವರಿಗೆ ಹೋದ ಮೆಮೊಗಳನ್ನೆಲ್ಲ ಟೈಪು ಮಾಡಿದವಳೂ ನಾನೇ. ಒಟ್ಟು ನಲವತ್ತಾರು. ಇಷ್ಟು ಮೆಮೊ ಹೊಡೆದ ಕೈಯಿಂದಲೇ ಹೊಗಳಿಕೆಯನ್ನೂ ಬರೆಸುವುದು ಸರಿಯೇ ಎಂದು ಮೇಷ್ಟ್ರನ್ನೇ ಕೇಳಿದೆ.

“ಧಾರಾಳವಾಗಿ ಬರೀರಿ ತಾಯಿ. ಆದ್ರೆ ಆ ಸೋಮವಾರದ ವಿಷಯ ಬಿಡಬೇಡಿ. ಅದನ್ನ ಬಿಟ್ಟು ಬರೆದ್ರೆ ಅದು ನನ್ನ ಬಗ್ಗೆ ಆಗಲ್ಲ, ಬೇರೆ ಯಾರೋ ದೊಡ್ಡ ಮನುಷ್ಯನ ಬಗ್ಗೆ ಆಗುತ್ತೆ” ಎಂದರು.

ಅಭಿನಂದನ ಗ್ರಂಥದಲ್ಲಿ ಅಭಿನಂದಿತರ ತಪ್ಪನ್ನು ಬರೆಯುವ ಪದ್ಧತಿ ಇಲ್ಲವೆಂಬುದು ನನಗೂ ಗೊತ್ತು. ಅವರೇ ಹಟ ಹಿಡಿದ ಮೇಲೆ ನಾನೇನು ಮಾಡಲಿ?

ನಮ್ಮ ಕೇಂದ್ರವೆಂದರೆ ಎರಡನೇ ಮಹಡಿಯಲ್ಲಿ ಮೂರು ಮೇಜು, ಗೋಡೆಗೆ ಒರಗಿಸಿದ ಒಂದು ಉದ್ದನೆಯ ಬೆಂಚು, ಬಾಗಿಲು ಎಂದೂ ಮುಚ್ಚದ ಒಂದು ಬೀರು. ಅಂಗವಿಕಲರು, ಜೈಲಿನಿಂದ ಹೊರಬಂದವರು, ಕಾಯಿಲೆಯಿಂದ ಎದ್ದವರು, ಮಕ್ಕಳನ್ನು ಸಾಕುತ್ತ ಹತ್ತು ವರ್ಷ ಮನೆಯಲ್ಲೇ ಉಳಿದವರು ಆ ಬೆಂಚಿನ ಮೇಲೆ ಕಾಯುತ್ತಿದ್ದರು. ಮೇಷ್ಟ್ರು ಸೇರಿದ ಹೊಸದರಲ್ಲಿ ಆ ಬೀರುವಿನಿಂದ, ಕೆಲಸ ಸಿಕ್ಕಿಯೂ ಒಂದು ವಾರದೊಳಗೆ ಬಿಟ್ಟವರ ಕಡತವನ್ನು ತೆಗೆದು, ಒಬ್ಬೊಬ್ಬರ ಮನೆಗೂ ಹೋಗಿ ಯಾಕೆ ಬಿಟ್ಟಿರಿ ಎಂದು ವಿಚಾರಿಸಿದರಂತೆ. ಕೆಲಸ ಕಷ್ಟವಾಯಿತು ಎಂದವರು ಇಬ್ಬರೋ ಮೂವರೋ. ಉಳಿದವರಿಗೆಲ್ಲ ತೊಡಕಾದದ್ದು ದಾರಿ. ಜೈಲಿನಲ್ಲಿದ್ದು ಬಂದು ಗೋದಾಮಿಗೆ ಸೇರಿದ್ದ ಒಬ್ಬರಿಗೆ ಬಸ್ಸು ನಿಲ್ಲುತ್ತಿದ್ದುದು ಪೊಲೀಸ್ ಠಾಣೆಯ ಎದುರಿಗೇ. ಅಲ್ಲಿ ಇಳಿಯಲು ಅವರಿಗೆ ಕಾಲೇ ಬರುತ್ತಿರಲಿಲ್ಲ. ಮೇಷ್ಟ್ರು ಅವರನ್ನು ಹಿಂದಿನ ನಿಲ್ದಾಣದಲ್ಲಿ ಇಳಿಸಿ, ಹಿಂದಿನ ಬೀದಿಯಿಂದ ನಡೆಸಿಕೊಂಡು ಹೋಗಿ ದಾರಿ ರೂಢಿ ಮಾಡಿಸಿದರು. ಆ ಮನುಷ್ಯ ಅದೇ ಗೋದಾಮಿನಲ್ಲಿ ಹನ್ನೆರಡು ವರ್ಷ ದುಡಿದರು.

ಅಂದಿನಿಂದ ಯಾರಿಗೆ ಕೆಲಸ ಸಿಕ್ಕರೂ ಸೇರುವ ಮುಂಚೆ ಮೇಷ್ಟ್ರು ಅವರೊಡನೆ ಆ ದಾರಿಯನ್ನು ನಡೆಯುವುದು ನಿಯಮವಾಯಿತು. ಕಚೇರಿಯ ಸಮಯ ಹಾಳಾಗಬಾರದೆಂದು ತಮ್ಮ ಭಾನುವಾರಗಳನ್ನು ಅದಕ್ಕೆ ಕೊಟ್ಟರು. ನಾನು ಕೆಲಸಕ್ಕೆ ಸೇರಿದಾಗ ಇದನ್ನು ಕೇಳಿ ಮೂಗು ಮುರಿದಿದ್ದೆ. ದೊಡ್ಡವರನ್ನು ಕೈಹಿಡಿದು ನಡೆಸುವುದೂ ಒಂದು ಉದ್ಯೋಗವೇ ಎಂಬುದು ಆಗಿನ ನನ್ನ ಪ್ರಶ್ನೆ. ಮೇಷ್ಟ್ರು ಕೈ ಹಿಡಿಯುತ್ತಲೇ ಇರಲಿಲ್ಲ, ಹತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಬೆಂಚಿಗೆ ಒಬ್ಬ ಹೆಣ್ಣುಮಗಳು ಬಂದರು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮಾಡುತ್ತಿದ್ದವರು, ಕಾಯಿಲೆಯಿಂದ ಎರಡೂ ಕಣ್ಣು ಕಳೆದುಕೊಂಡಿದ್ದರು. ಅವರ ಬೀದಿಯವರು ಹೊಲಿಗೆಯಕ್ಕ ಎಂದು ಕರೆಯುತ್ತಿದ್ದರು. ನಮಗೂ ಅದೇ ಬಾಯಿಗೆ ಬಂತು. ಗಂಡ ತೀರಿಹೋಗಿದ್ದರು. ಒಂಬತ್ತು ವರ್ಷದ ಮಗಳು ದೊಡ್ಡಮ್ಮನ ಮನೆಯಲ್ಲಿದ್ದಳು. ಆ ದೊಡ್ಡಮ್ಮ ಕೆಟ್ಟವರೇನಲ್ಲ, ಆದರೆ ಅವರ ಯಜಮಾನರಿಗೆ ಬೇರೆ ಊರಿಗೆ ವರ್ಗವಾಗಿತ್ತು. “ತಿಂಗಳೊಳಗೆ ನಿನಗೊಂದು ಕೆಲಸ ಅಂತ ಆದ್ರೆ ಮಗು ನಿನ್ನ ಹತ್ರ ಇರಲಿ. ಇಲ್ಲಾಂದ್ರೆ ನಾವು ಕರ್ಕೊಂಡು ಹೋಗ್ತೀವಿ, ನೀನು ಸುಮ್ಮನೆ ಅಳಬೇಡ” ಎಂದು ತಂಗಿಗೆ ಹೇಳಿದ್ದರು. ಹೊಲಿಗೆಯಕ್ಕ ಇದನ್ನು ನಮ್ಮ ಮುಂದೆ ಹೇಳಿದ್ದು ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. ಸೆರಗಿನ ತುದಿಯನ್ನು ಮಾತ್ರ ಬೆರಳುಗಳು ಮಡಿಸುತ್ತ ಬಿಚ್ಚುತ್ತ ಇದ್ದವು.

ಆ ಬೆರಳುಗಳನ್ನು ಮೇಷ್ಟ್ರು ಗಮನಿಸಿದರು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದುಕೊಡುವ ದೊಡ್ಡ ಲಾಂಡ್ರಿಯೊಂದಕ್ಕೆ ಒಂದು ಶನಿವಾರ ಅವರನ್ನು ಆಟೋದಲ್ಲಿ ಕರೆದುಕೊಂಡು ಹೋದರು. ಲಾಂಡ್ರಿಯ ಯಜಮಾನಿ ಮಾತಿನಲ್ಲಿ ಬಿಗಿ, ಮುಖದಲ್ಲಿ ಇನ್ನೂ ಬಿಗಿ. ಮಡಿಸುವ ಮೇಜಿನ ಮೇಲೆ ಇಪ್ಪತ್ತು ಹಾಸುಬಟ್ಟೆ ಇಟ್ಟು ಮಡಿಸಲು ಹೇಳಿದರು. ಹದಿಮೂರನೆಯದನ್ನು ಹೊಲಿಗೆಯಕ್ಕ ಮಡಿಸದೆ ಪಕ್ಕಕ್ಕೆ ಇಟ್ಟರು. “ಇಲ್ಲಿ ಬಟ್ಟೆ ಸವೆದಿದೆ. ಇನ್ನೊಂದು ಸಲ ಒಗೆದ್ರೆ ಹರಿಯುತ್ತೆ” ಎಂದರು. ಯಜಮಾನಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕಣ್ಣಿದ್ದ ಇಬ್ಬರು ಕೆಲಸಗಾರರು ಆ ಬಟ್ಟೆಯನ್ನು ಅದಾಗಲೇ ನೋಡಿ ದಾಟಿಸಿದ್ದರು. ಮುಂದಿನ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೆಲಸಕ್ಕೆ ಬರಲು ಯಜಮಾನಿ ಹೇಳಿದರು.

ನಡುವೆ ಮೂರು ಭಾನುವಾರ ಮೇಷ್ಟ್ರು ಹೊಲಿಗೆಯಕ್ಕನೊಡನೆ ಅವರ ಮನೆಯಿಂದ ಲಾಂಡ್ರಿಯವರೆಗಿನ ದಾರಿ ನಡೆದರು. ಕೋಲು, ಪಾದ, ಕಿವಿ ಮೂರಕ್ಕೂ ದಾರಿ ಬಾಯಿಪಾಠವಾಯಿತು. ವಿದ್ಯುತ್ ಪರಿವರ್ತಕದ ಗುಂಯ್‌ಗುಟ್ಟುವಿಕೆ ಕೇಳಿದಲ್ಲಿ ಎಡಕ್ಕೆ, ಇಳಿಜಾರು ಮುಗಿದಲ್ಲಿ ಬಲಕ್ಕೆ, ಕೋಲಿಗೆ ಗೋಡೆ ತಪ್ಪಿದ ಜಾಗದಿಂದ ಅರವತ್ತು ಹೆಜ್ಜೆಗೆ ಲಾಂಡ್ರಿಯ ಗೇಟು. ಮೂರನೆಯ ಭಾನುವಾರ ಅವರು ಎಲ್ಲಿಯೂ ಎಡವಲಿಲ್ಲ.

ಸೋಮವಾರ ಅದೇ ದಾರಿಯಲ್ಲಿ ಹೊಲಿಗೆಯಕ್ಕ ಒಬ್ಬರೇ ಹೊರಟರು. ಪಾದಚಾರಿ ದಾರಿಯ ತುಂಬ ಸ್ಕೂಟರುಗಳನ್ನು ನಿಲ್ಲಿಸಿದ್ದರು. ಅಂಗಡಿಗಳ ಜನರೇಟರುಗಳ ಸದ್ದಿನಲ್ಲಿ ಪರಿವರ್ತಕ ಕೇಳಿಸಲೇ ಇಲ್ಲ. ಗೋಡೆ ತಪ್ಪಬೇಕಾದಲ್ಲಿ ಲಾರಿಯೊಂದು ಅಡ್ಡ ನಿಂತು ಅದೇ ಗೋಡೆಯಂತಾಗಿತ್ತು. ಎಲ್ಲೆಲ್ಲೋ ಅಲೆದು, ಮೊಣಕಾಲು ತರಚಿಕೊಂಡು ಅವರು ಗೇಟು ತಲುಪುವಷ್ಟರಲ್ಲಿ ಹನ್ನೊಂದೂವರೆ. ಆಸ್ಪತ್ರೆಯ ಗಾಡಿ ಕಾದು ಕಾದು ಅರ್ಧ ಬಟ್ಟೆ ಬಿಟ್ಟು ಹೋಗಿತ್ತು. ಯಜಮಾನಿ ಅವರನ್ನು ವಾಪಸು ಕಳಿಸಿದರು.

ಅಲ್ಲಿಂದ ಹೊಲಿಗೆಯಕ್ಕ ಯಾರದೋ ನೆರವಿನಿಂದ ನೇರ ನಮ್ಮ ಕಚೇರಿಗೆ ಬಂದರು. ಬೆಂಚಿನ ಮೇಲೂ ಕೂರಲಿಲ್ಲ.

“ಮೇಷ್ಟ್ರೇ, ನೀವು ನನಗೆ ಭಾನುವಾರದ ದಾರಿ ಕಲಿಸಿದ್ರಿ. ಕೆಲಸ ಇದ್ದದ್ದು ಸೋಮವಾರ.”

ಹನ್ನೆರಡು ವರ್ಷ ಅಷ್ಟು ಜನರನ್ನು ನಡೆಸಿದ ಮೇಷ್ಟ್ರಿಗೆ ಇದು ಹೊಳೆದಿರಲಿಲ್ಲ. ಅವರು ಎದ್ದು ನಿಂತರು. “ತಪ್ಪು ನನ್ನದಮ್ಮಾ. ನಿಮ್ಮದಲ್ಲ, ರಸ್ತೆದೂ ಅಲ್ಲ. ನನ್ನದು” ಎಂದರು. ಮತ್ತೊಮ್ಮೆ ಪ್ರಯತ್ನಿಸೋಣವೇ ಎಂದು ಆಗ ಕೇಳುವ ಧೈರ್ಯ ಅವರಿಗೆ ಆಗಲಿಲ್ಲ. ಸಂಜೆ ಅವರ ಮನೆಗೆ ಹೋಗಿ ಕೇಳಿದರು. ಹೊಲಿಗೆಯಕ್ಕ ಒಪ್ಪಿದರು. ಯಾಕೆ ಒಪ್ಪಿದಿರಿ ಎಂದು ನಾನು ಬಹಳ ದಿನದ ಮೇಲೆ ಕೇಳಿದಾಗ ಅವರು ಹೇಳಿದ್ದು: “ಕಣ್ಣು ಹೋದ ಮೇಲೆ ನನ್ನ ನೋಡಿ ಪಾಪ ಅಂದವರು ಬೇಕಾದಷ್ಟು ಜನ ಮೇಡಂ. ನನ್ನ ಹತ್ರ ಬಂದು ತಪ್ಪಾಯ್ತು ಅಂದವರು ಅವರೊಬ್ಬರೇ.”

ಲಾಂಡ್ರಿಯ ಯಜಮಾನಿಯವರ ಮುಂದೆಯೂ ಮೇಷ್ಟ್ರು ಇದನ್ನೇ ಹೇಳಿದರು. ಆ ತಾಯಿ ಸವೆದ ಹಾಸುಬಟ್ಟೆಯನ್ನು ಮರೆತಿರಲಿಲ್ಲ. “ಬರೋ ಸೋಮವಾರ ಹತ್ತಕ್ಕೆ ಗೇಟಲ್ಲಿರಬೇಕು. ಹತ್ತೂ ಐದಕ್ಕೆ ಬಂದ್ರೆ ಇನ್ನು ನೀವು ನನ್ನ ಹತ್ರ ಈ ಮಾತು ಎತ್ತಬೇಡಿ” ಎಂದರು. ದೊಡ್ಡಮ್ಮನ ಮನೆಯವರು ಹೊರಡುವುದು ಆ ಸೋಮವಾರ ಶುರುವಾಗುವ ವಾರದ ಕೊನೆಗೆ.

ಮಂಗಳವಾರದಿಂದ ಶನಿವಾರದವರೆಗೆ ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಹೊಲಿಗೆಯಕ್ಕ ಮುಂದೆ, ಮೇಷ್ಟ್ರು ಹತ್ತು ಹೆಜ್ಜೆ ಹಿಂದೆ. ಕಚೇರಿ ಶುರುವಾಗುವುದೂ ಹತ್ತಕ್ಕೇ. ಅವರು ಬಂದು ಸಹಿ ಹಾಕುವಾಗ ಹನ್ನೊಂದಾಗುತ್ತಿತ್ತು. ಮೇಲಧಿಕಾರಿಗಳು ನಿಯಮದ ಮನುಷ್ಯ. ಮೊದಲ ಐದು ಮೆಮೊ ನನ್ನ ಯಂತ್ರದಿಂದ ಹೊರಟದ್ದು ಆ ವಾರ. ಶನಿವಾರದ ಮೆಮೊದಲ್ಲಿ, ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಖುದ್ದು ಬಂದು ಸಮಜಾಯಿಷಿ ಕೊಡದಿದ್ದರೆ ಅಮಾನತು ಎಂದಿತ್ತು. ಮೇಷ್ಟ್ರು ಅದನ್ನು ಎರಡು ಸಲ ಓದಿ ನನ್ನ ಮೇಜಿಗೆ ಬಂದರು.

“ತಾಯಿ, ಅದೊಂದು ದಿನ ನೀವು ಹೋಗ್ತೀರಾ? ಮುಟ್ಟಬೇಡಿ, ಕೂಗಬೇಡಿ. ಸುಮ್ಮನೆ ಹಿಂದೆ ನಡೀರಿ.”

ನಾನು ಹೂಂ ಎಂದೆ. ಯಾಕೆ ಎಂದೆನೋ ಇವತ್ತಿಗೂ ಸರಿಯಾಗಿ ಹೇಳಲಾರೆ.

ಆ ಸೋಮವಾರ ಪರಿವರ್ತಕದ ತಿರುವಿನವರೆಗೆ ಎಲ್ಲ ಸುಸೂತ್ರವಾಗಿತ್ತು. ತಿರುಗಿದೊಡನೆ ಎದುರಿಗೆ ಹಳ್ಳ. ಹಿಂದಿನ ದಿನ ನೀರಿನ ಪೈಪಿಗೆಂದು ಪಾದಚಾರಿ ದಾರಿಯನ್ನು ಸೊಂಟದಾಳ ಅಗೆದು ಹಾಗೇ ಬಿಟ್ಟಿದ್ದರು. ನಾನು ಇದ್ದಲ್ಲೇ ನಿಂತೆ. ಹೊಲಿಗೆಯಕ್ಕನೂ ನಿಂತರು. ಕೋಲು ಚಾಚಿ ಮಣ್ಣಿನ ಗುಡ್ಡೆಯನ್ನು ಮುಟ್ಟಿ ನೋಡಿದರು. ಅಷ್ಟರಲ್ಲಿ ದಾರಿಹೋಕರೊಬ್ಬರು “ಬನ್ನಿ ಬನ್ನಿ” ಎಂದು ಅವರ ರಟ್ಟೆ ಹಿಡಿದು, ಎಲ್ಲಿಗೆ ಎಂದೂ ಕೇಳದೆ ರಸ್ತೆಯ ಆಚೆಗೆ ದಾಟಿಸಿ, ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ಹೊರಟುಹೋದರು. ಹೊಲಿಗೆಯಕ್ಕ ಗೊತ್ತಿಲ್ಲದ ಕಡೆ, ಯಾವ ದಿಕ್ಕಿಗೆ ಮುಖ ಮಾಡಿದ್ದೇನೆಂದು ತಿಳಿಯದೆ ನಿಂತಿದ್ದರು. ಹತ್ತಕ್ಕೆ ಹನ್ನೆರಡು ನಿಮಿಷ. ನನ್ನ ಗಂಟಲಿನವರೆಗೆ ಅವರ ಹೆಸರು ಬಂದಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಅವರು ಸುತ್ತಲ ಸದ್ದಿಗೆ ಕಿವಿ ಕೊಟ್ಟರು. ಆಮೇಲೆ ಪಕ್ಕದಲ್ಲಿ ಪೇಪರು ಮಾರುತ್ತಿದ್ದವನಿಗೆ ಸ್ಪಷ್ಟವಾಗಿ ಹೇಳಿದರು: “ಅಣ್ಣಾ, ಕೈ ಹಿಡಿಬೇಡ. ಲಾಂಡ್ರಿ ಗೇಟು ನನ್ನ ಎಡಕ್ಕೋ ಬಲಕ್ಕೋ, ಅಷ್ಟು ಹೇಳು.”

ಅವನು ಹೇಳಿದ ದಿಕ್ಕು ಹಿಡಿದು ಅವರು ರಸ್ತೆಯನ್ನು ಮತ್ತೆ ದಾಟಿದರು. ಹತ್ತಕ್ಕೆ ಮೂರು ನಿಮಿಷವಿರುವಾಗ ಅವರ ಕೋಲು ಲಾಂಡ್ರಿಯ ಕಬ್ಬಿಣದ ಗೇಟಿಗೆ ತಗುಲಿತು. ಯಜಮಾನಿ ಅಲ್ಲೇ ನಿಂತಿದ್ದರು. “ಒಳಗೆ ಬಾಮ್ಮ” ಎಂದರು, ಅಷ್ಟೇ. ಒಳಗೆ ಹೋಗುವ ಮುನ್ನ ಹೊಲಿಗೆಯಕ್ಕ ನನ್ನ ಕಡೆಗೇ ತಿರುಗಿದರು.

“ಮೇಡಂ, ನಾಳೆ ನೀವೂ ಬೇಡ, ಮೇಷ್ಟ್ರೂ ಬೇಡ. ನಿಮ್ಮ ಚಪ್ಪಲಿ ಸದ್ದು ನಿಂತಿತು ಅಂತ ನಾನು ನಿಂತೆ. ಹಿಂದೆ ಯಾರಾದ್ರೂ ಇದ್ರೆ ನನ್ನ ಕಿವಿ ರಸ್ತೆ ಮೇಲಿರಲ್ಲ, ಅವರ ಕಾಲ ಮೇಲಿರುತ್ತೆ.”

ಕಚೇರಿಗೆ ಬಂದು ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ನಾನೇ ಕೆಂಪು ಗೆರೆ ಎಳೆದೆ. ಸಮಜಾಯಿಷಿ ಮುಗಿಸಿ, ಛೀಮಾರಿ ಹಾಕಿಸಿಕೊಂಡು ಬಂದಿದ್ದ ಮೇಷ್ಟ್ರಿಗೆ ಈ ಮಾತು ತಿಳಿಸಿದೆ. ಮರುದಿನ ಅವರು ಹತ್ತಕ್ಕೆ ಸರಿಯಾಗಿ ಸಹಿ ಹಾಕಿದರು. ಹತ್ತೂಕಾಲಿಗೆ ಹೊಲಿಗೆಯಕ್ಕ ತಲುಪಿದರೆಂದು ಲಾಂಡ್ರಿಯಿಂದ ಫೋನು ಬರುವವರೆಗೆ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಅಲ್ಲಿಂದ ಮುಂದೆ ಮೇಷ್ಟ್ರು ಯಾರಿಗೂ ರಜಾದಿನ ದಾರಿ ಕಲಿಸಲಿಲ್ಲ. ಯಾವ ದಿನ ತಾವು ಹಿಂದೆ ನಡೆಯುವುದನ್ನು ನಿಲ್ಲಿಸಬೇಕೆಂದು ನಡೆಯುವವರನ್ನೇ ಕೇಳುತ್ತಿದ್ದರು. ಮೆಮೊಗಳು ಬರುತ್ತಲೇ ಇದ್ದವು, ಬಡ್ತಿ ಎರಡು ಸಲ ತಪ್ಪಿತು. ಅವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ನಾನು ಹಚ್ಚಿಕೊಂಡೆ. ಆ ಹೊತ್ತಿನಲ್ಲಿ ನಮ್ಮ ಮೇಲಧಿಕಾರಿಗಳಿಗೆ ಲಾಂಡ್ರಿಯ ಯಜಮಾನಿ ಬರೆದ ಪತ್ರ ಇನ್ನೂ ಕಡತದಲ್ಲಿದೆ: “ನಿಮ್ಮ ಮೇಷ್ಟ್ರು ತಡವಾಗಿ ಬರುವುದರಿಂದಲೇ ನನ್ನ ಕೆಲಸಗಾರರು ಹೊತ್ತಿಗೆ ಸರಿಯಾಗಿ ಬರುತ್ತಿದ್ದಾರೆ.” ಅಮಾನತಿನ ಮಾತು ಮತ್ತೆ ಏಳಲಿಲ್ಲ. ತಮ್ಮ ಗೇಟಿನ ಅಕ್ಕಪಕ್ಕ ಲಾರಿ ನಿಲ್ಲದಂತೆ ಆ ತಾಯಿ ಖುದ್ದಾಗಿ ನಿಂತು ಜಗಳವಾಡಿದರು. ಇಂದು ಅಲ್ಲಿ ನಮ್ಮ ಬೆಂಚಿನಿಂದ ಹೋದ ಹನ್ನೊಂದು ಜನ ದುಡಿಯುತ್ತಿದ್ದಾರೆ. ಈ ಗ್ರಂಥದ ಗೌರವದಲ್ಲಿ ಆ ಯಜಮಾನಿಯವರಿಗೂ ಪಾಲಿದೆ ಎಂದು ಮೇಷ್ಟ್ರ ಪರವಾಗಿ ಹೇಳುತ್ತಿದ್ದೇನೆ.

ಮೇಷ್ಟ್ರಿಗೆ ನೂರು ವರ್ಷ ಆಯುಸ್ಸು ಕೋರಿದರೆ ಸಾಲದು; ಆ ಆಯುಸ್ಸಿನುದ್ದಕ್ಕೂ ಕಾಲಲ್ಲಿ ಕಸುವಿರಲಿ, ಅವರ ಹಿಂದೆ ಬರುವ ನಮ್ಮಂಥವರಿಗೆ ಬಾಯಿ ಮುಚ್ಚಿಕೊಂಡು ನಡೆಯುವ ತಾಳ್ಮೆ ಬರಲಿ ಎಂದು ಕೋರುತ್ತೇನೆ. ಇದಕ್ಕಿಂತ ದೊಡ್ಡ ಹಾರೈಕೆ ನನಗೆ ತೋಚುತ್ತಿಲ್ಲ. ಯಾಕೆ ತೋಚುತ್ತಿಲ್ಲವೆಂದರೆ, ಕೆಲಸಕ್ಕೆ ಸೇರಿದ ಆ ವಾರದ ಶನಿವಾರ ಹೊಲಿಗೆಯಕ್ಕ ಲಾಂಡ್ರಿಯಿಂದ ಹೊರಬಿದ್ದು, ಯಾರೂ ಕಲಿಸದ ದಾರಿಯಲ್ಲಿ, ಎರಡು ಬಸ್ಸು ಬದಲಿಸಿ ತಮ್ಮ ಅಕ್ಕನ ಮನೆಗೆ ಹೋದರು. ಅಲ್ಲಿ ಸಾಮಾನು ಕಟ್ಟುತ್ತಿದ್ದರು. ಬಾಗಿಲು ತೆರೆದ ಮಗಳು ತಾಯಿಯ ಬೆನ್ನ ಹಿಂದೆ ಇಣುಕಿ ನೋಡಿದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

“ಯಾರ ಜೊತೆ ಬಂದೆ ಅಮ್ಮಾ?”

“ಒಬ್ಬಳೇ ಬಂದೆ. ನಡಿ, ಮನೆಗೆ ಹೋಗೋಣ.”