ಕುಂಕುಮ ಒರೆಸಿದ ಮಾನಿಟರ್

ತೆಲುಗು ನಾಡಿನ ಕೊಂಡಪಲ್ಲಿಯ ನಮ್ಮ ಕಾರ್ಖಾನೆಗೆ ತೊಂಬತ್ತರ ದಶಕದ ಆರಂಭದಲ್ಲಿ ಕಂಪ್ಯೂಟರ್ ಬಂದಾಗ ಅದಕ್ಕೆ ಸಿಕ್ಕ ಮರ್ಯಾದೆ ನಮಗ್ಯಾರಿಗೂ ಸಿಕ್ಕಿರಲಿಲ್ಲ. ಅದಕ್ಕೊಂದು ಗಾಜಿನ ಕೋಣೆ, ಏಸಿ, ಬಾಗಿಲಲ್ಲೇ ಚಪ್ಪಲಿ ಬಿಡಬೇಕೆಂಬ ಕಟ್ಟಪ್ಪಣೆ. ಬಾಯ್ಲರಿನ ಬಳಿ ಬೇಯುತ್ತಿದ್ದ ನಾವು ಏನಾದರೊಂದು ನೆಪ ಹುಡುಕಿ ಅಲ್ಲಿಗೆ ಹೋಗಿ ತಣ್ಣಗಾಗಿ ಬರುತ್ತಿದ್ದೆವು. ರಿಪೇರಿ ವಿಭಾಗದವನಾದ ನನಗೆ ಏಸಿ ನೋಡುವ ನೆಪ ಸದಾ ಇತ್ತು.

ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ನಮ್ಮ ಧಾರವಾಡ ಕಡೆಯ ಸಹೋದ್ಯೋಗಿಯೊಬ್ಬರ ಮಗಳು. ಅವರು ಹಿಂದಿನ ವರ್ಷ ತೀರಿಕೊಂಡಿದ್ದರು. ಅನುಕಂಪದ ಮೇಲೆ ಸಿಕ್ಕ ಕೆಲಸ, ಇನ್ನೂ ಕಾಯಂ ಆಗಿರಲಿಲ್ಲ. ತಾಯಿ, ತಮ್ಮ, ಇರುವ ಕ್ವಾರ್ಟರ್ಸು ಎಲ್ಲ ಅದನ್ನೇ ನೆಚ್ಚಿಕೊಂಡಿದ್ದವು. ಕಾಯಂ ಮಾಡಲು ಶಿಫಾರಸು ಕೊಡಬೇಕಾದ ಅಧಿಕಾರಿ ಗಾಜಿನ ಆಚೆಯೇ ಕೂರುತ್ತಿದ್ದರು. ಕೆಟ್ಟವರಲ್ಲ, ಆದರೆ ಕಂಪ್ಯೂಟರ್ ಅಂದರೆ ಜೀವ ಬಿಡುತ್ತಿದ್ದರು. ಅದಕ್ಕೆ ಒಂದು ಹನಿ ನೀರು ತಾಕಿದರೂ ಮನೆಗೆ ಕಳಿಸುತ್ತೇನೆ ಎಂದು ಎಲ್ಲರೆದುರಿಗೇ ಅವಳಿಗೆ ಹೇಳಿದ್ದರು.

ಆಯುಧ ಪೂಜೆಗೆ ಪಂಪು, ಸ್ಪ್ಯಾನರುಗಳಿಗೆಲ್ಲ ಕುಂಕುಮ ಹಚ್ಚುವ ನಾವು ಮಾನಿಟರನ್ನು ಬಿಟ್ಟೇವೆಯೇ? ಅಧಿಕಾರಿಯೇ ಮುಂದೆ ನಿಂತು ಧಾರಾಳವಾಗಿ ಹಚ್ಚಿಸಿದ್ದರು. ರಜೆ ಮುಗಿದ ದಿನ ನಾನು ಏಸಿ ನೋಡಲು ಹೋದಾಗ ಅವರು ಇಂದ್ರಕೀಲಾದ್ರಿ ಬೆಟ್ಟದ ದೇವಿಯ ಪ್ರಸಾದ ಕೊಟ್ಟು, ನಿಮ್ಮ ಕಡೆಯ ಹುಡುಗಿ ಬೆಳಗಿನಿಂದ ತಲೆಯೆತ್ತಿಲ್ಲ ನೋಡಿ ಎಂದು ತೆಲುಗಿನಲ್ಲಿ ಹೊಗಳಿದರು. ಅವರು ಕೂತಲ್ಲಿಂದ ಮಾನಿಟರಿನ ಬೆನ್ನಷ್ಟೇ ಕಾಣುತ್ತಿತ್ತು. ಕೀಲಿಗಳ ಪಟಪಟ ಸದ್ದು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ಒಳಗೆ ಹೋಗಿ ಅವಳ ಹಿಂದೆ ನಿಂತೆ. ಬೆರಳುಗಳು ಓಡುತ್ತಿದ್ದವು. ಪರದೆ ಕಗ್ಗತ್ತಲು.

"ಏನವಾ ಇದು?"

"ಮೆಲ್ಲಗ ಮಾತಾಡ್ರಿ ಅಂಕಲ್," ಎಂದಳು ತೆಲುಗು ಬೆರೆತ ಕನ್ನಡದಲ್ಲಿ, ಬೆರಳು ನಿಲ್ಲಿಸದೆ. "ಕುಂಕುಮ ಒಣಗಿ ಹತ್ತಿಕೊಂಡಿತ್ತು. ಹಸಿ ಅರಿವಿಲೆ ತಿಕ್ಕಿ ಒರಸಿದೆ, ಸ್ಕ್ರೀನ್ ಪೋಯಿಂದಿ, ಹೋಗೇಬಿಡ್ತು. ಒಳಗ ನೀರು ಹೋಗೇತಿ ಕದಾ? ನನ್ನ ನೌಕರಿ ಹೋತು."

ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ಹಚ್ಚುವಾಗ ಊರೆಲ್ಲ ಇತ್ತು, ಒರೆಸುವಾಗ ಈ ಮಗು ಒಂದೇ.

"ಅಂಜಬ್ಯಾಡ. ಕ್ಯಾಪ್ಸ್ ಲಾಕ್ ಒತ್ತು."

ಕೀಲಿಮಣೆಯ ಪುಟ್ಟ ದೀಪ ಹತ್ತಿತು, ಮತ್ತೆ ಒತ್ತಿದರೆ ಆರಿತು. ಅಂದರೆ ಕಂಪ್ಯೂಟರಿಗೆ ಏನೂ ಆಗಿಲ್ಲ. ಮಾನಿಟರಿನ ದೀಪವೂ ಉರಿಯುತ್ತಿತ್ತು, ಹಿಂದಿನ ವೈರುಗಳು ಬಿಗಿಯಾಗಿದ್ದವು. ಅಂಚಿನ ಕೆಳಗೆ ಕೈಯಾಡಿಸಿದೆ. ಬೆಳಕು ಹೆಚ್ಚುಕಡಿಮೆ ಮಾಡುವ ಸಣ್ಣ ಚಕ್ರ ಬೆರಳಿಗೆ ಸಿಕ್ಕಿತು. ಬಟ್ಟೆಯಿಂದ ತಿಕ್ಕಿದ ರಭಸಕ್ಕೆ ಅದು ಪೂರ್ತಿ ಕೆಳಕ್ಕೆ ತಿರುಗಿ ಕೂತಿತ್ತು. ಮೆಲ್ಲನೆ ಮೇಲಕ್ಕೆ ತಿರುಗಿಸಿದೆ.

ಹಸಿರು ಅಕ್ಷರಗಳು ಮೂಡಿದವು. ಎ ಎಸ್ ಡಿ ಎಫ್, ಎ ಎಸ್ ಡಿ ಎಫ್, ಪರದೆಯ ತುಂಬ ಅದೇ ಸಾಲು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮೊದಲ ದಿನ ಕಲಿಸುವ ಪಾಠ. ಸದ್ದು ನಿಂತರೆ ಸಾಹೇಬರು ಎದ್ದು ಬರುತ್ತಾರೆಂದು ಬೆಳಗಿನಿಂದ ಆ ಕತ್ತಲಿಗೆ ಅದನ್ನೇ ಹೊಡೆಯುತ್ತ ಕೂತಿದ್ದಳು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಸದ್ದು ನಿಂತಿತು. ಗಾಜಿನಾಚೆ ಕುರ್ಚಿ ಹಿಂದೆ ಸರಿಯಿತು.

"ಅದನ್ನೆಲ್ಲಾ ಅಳಸವಾ, ಲಗೂನ," ಎಂದೆ. ಬಾಗಿಲು ತೆರೆಯುವಷ್ಟರಲ್ಲಿ ಪರದೆ ಖಾಲಿಯಾಗಿ, ಮೂಲೆಯಲ್ಲಿ ಹಸಿರು ಗೆರೆಯೊಂದೇ ಮಿಣುಕುತ್ತಿತ್ತು.

"ಯಾಕೆ ನಿಂತುಹೋಯಿತು?" ಎಂದು ಅಧಿಕಾರಿ ಕೇಳಿದರು.

"ಬೆಳಗಿನಿಂದ ಒಂದೇ ಸಮ ಹೊಡೆದಿದ್ದಾಳೆ ಸಾರ್," ಎಂದೆ ತೆಲುಗಿನಲ್ಲಿ. "ಬೆರಳು ನೋಯುವುದಿಲ್ಲವೇ?"

ಅವರು ಪರದೆಯನ್ನು ನೋಡಿದರು, ಆಮೇಲೆ ಅವಳ ಕೈಗಳನ್ನು ನೋಡಿದರು. ಹೋಗಮ್ಮಾ, ಸ್ವಲ್ಪ ಕಾಫಿ ಕುಡಿದು ಬಾ ಎಂದರು, ಮೆತ್ತಗೆ. ಅವಳು ಎದ್ದಳು. ಹೋಗುವ ಮುನ್ನ ಬಾಗಿ, ಆ ಸಣ್ಣ ಚಕ್ರ ಎಲ್ಲಿದೆಯೆಂದು ಬೆರಳಿನಿಂದ ಮುಟ್ಟಿ ನೋಡಿಕೊಂಡಳು.