ಉಳಿದದ್ದರಲ್ಲಿ ಕಟ್ಟಿದ ರೋಬೋ

ನನಗೆ ಮೊದಲಿಂದಲೂ ಹಸಿವು ಜಾಸ್ತಿ. ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ, ಆಗ ಇತ್ತು. ಚಿಗಟೇರಿಯ ನಮ್ಮ ಮನೆಯಲ್ಲಿ ಹೊಲದಿಂದ ಬಂದ ಅಣ್ಣಂದಿರ ಸಾಲಿನಲ್ಲೇ ನಾನೂ ಕೂತು ನಾಲ್ಕು ಜೋಳದ ರೊಟ್ಟಿ ಉಂಡು, ಮೇಲೆ ಮಜ್ಜಿಗೆ ಅನ್ನ ಕಲಸುತ್ತಿದ್ದೆ. "ಇಕಿನ್ನ ಮಾಡ್ಕೊಳ್ಳೋರು ಮೊದ್ಲು ಜ್ವಾಳದ ಚೀಲ ಎಣಿಸ್ಕೊಳ್ಳಿ" ಎಂದು ಅಪ್ಪ ಚುಡಾಯಿಸುತ್ತಿದ್ದರು. ನಾನು ನಗುತ್ತಾ ಐದನೆಯದಕ್ಕೆ ಕೈ ಹಾಕುತ್ತಿದ್ದೆ.

ಮದುವೆಯಾಗಿ ಕೊಟ್ಟೂರಿಗೆ ಬಂದೆ. ಆ ಮನೆಯಲ್ಲಿ ಮಾವ, ನಮ್ಮ ಯಜಮಾನರು, ಇಬ್ಬರು ಮೈದುನರು ಮೊದಲು ಉಣ್ಣಬೇಕು. ಆಮೇಲೆ ಅತ್ತೆ ಮತ್ತು ನಾನು. ಮನೆಯಲ್ಲಿ ಜೋಳಕ್ಕೇನೂ ಕೊರತೆಯಿರಲಿಲ್ಲ. ಎಣಿಸಿ ಬಡಿದ ರೊಟ್ಟಿಯಲ್ಲಿ ಗಂಡಸರು ಒಂದೆರಡು ಹೆಚ್ಚು ಉಂಡರೆ ನಮ್ಮ ಪಾಲು ಇಳಿಯುತ್ತಿತ್ತು, ಅಷ್ಟೇ. ಅತ್ತೆ ಕೆಟ್ಟವರಲ್ಲ. "ಸಾಲ್ತೇನವಾ?" ಎಂದು ದಿನವೂ ಕೇಳುತ್ತಿದ್ದರು. ಆದರೆ ಅವರು ಕೇಳುವ ಹೊತ್ತಿಗೆ ಒಲೆ ಆರಿ, ಹಿಟ್ಟಿನ ಕೈ ತೊಳೆದಾಗಿರುತ್ತಿತ್ತು. ಆಗ "ಇಲ್ರಿ, ಸಾಲಲಿಲ್ಲ" ಅನ್ನುವ ಸೊಸೆ ಇನ್ನೂ ಹುಟ್ಟಿಲ್ಲ. "ಸಾಕ್ರಿ ಅತ್ತಿ, ಹೊಟ್ಟಿ ತುಂಬೈತಿ" ಎನ್ನುತ್ತಿದ್ದೆ. ಆಮೇಲೆ ಎರಡು ಚೊಂಬು ನೀರು ಕುಡಿದು ಪಾತ್ರೆ ತಿಕ್ಕಲು ಕೂರುತ್ತಿದ್ದೆ.

ಯಾರಿಗೆ ಹೇಳುವುದು? ತವರಿಗೆ ಹೇಳಿದರೆ ಅಣ್ಣಂದಿರು ಜಗಳಕ್ಕೆ ಬರುತ್ತಾರೆ. ಇಲ್ಲಿ ಹೇಳಿದರೆ ಅತ್ತೆಯ ಮೇಲೆ ದೂರು ಹೇಳಿದಂತಾಗುತ್ತದೆ. ಇನ್ನು ಗಂಡನೆಂಬ ಮನುಷ್ಯನ ಜೊತೆ ಮದುವೆಯಾದ ಮೊದಲ ಮೂರು ತಿಂಗಳಲ್ಲಿ ನಾನಾಡಿದ ಮಾತೆಲ್ಲ ಕೂಡಿಸಿದರೂ ಒಂದು ಪೋಸ್ಟ್ ಕಾರ್ಡ್ ತುಂಬುತ್ತಿರಲಿಲ್ಲ. ಅವರದು ಮೊದಲೇ ಕಡಿಮೆ ಮಾತು. ನಾನು ಮಾತಿನ ಮಲ್ಲಿ. ಆದರೆ ಹೊಸ ಮನೆಯಲ್ಲಿ ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ.

ಮನೆಯ ಮುಂಭಾಗದಲ್ಲೇ ಇವರ ಅಂಗಡಿ. ಜೆರಾಕ್ಸ್, ಟೈಪಿಂಗ್, ಜೊತೆಗೆ ಎರಡು ಕಂಪ್ಯೂಟರಿನ ಇಂಟರ್ನೆಟ್. ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು ಅದು. ಹರಪನಹಳ್ಳಿಯಲ್ಲಿ ನಾನು ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದೆ. "ಸುಮ್ನೆ ಕೂಡೋದ್ಕಿಂತ ಅಂಗಡ್ಯಾಗ ಟೈಪ್ ಮಾಡ್ಲಿ ಬಿಡು" ಎಂದು ಮಾವ ಅಪ್ಪಣೆ ಕೊಟ್ಟರು. ಹಾಗೆ ಮಧ್ಯಾಹ್ನದ ಪಾತ್ರೆ ಮುಗಿಸಿ ಹೋಗಿ ಕೂರತೊಡಗಿದೆ. ಬಿಸಿಲು ಏರಿದ ಮೇಲೆ ಗಿರಾಕಿ ಕಡಿಮೆ. ನಾನು ಯಾರದೋ ಅರ್ಜಿ ಬಡಿಯುತ್ತಿದ್ದೆ. ಇವರು ಪಕ್ಕದ ಕಂಪ್ಯೂಟರಿನಲ್ಲಿ ಏನನ್ನೋ ಹೊಡೆದಾಡಿಸುತ್ತಿದ್ದರು.

ಒಂದು ದಿನ ತಡೆಯಲಾಗದೆ ಕೇಳಿದೆ. "ಏನ್ರಿ ಅದು?"

"ರೋಬೋ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನಾವಾ ಕಟ್ಟಬೇಕು. ಕಟ್ಟಿ, ಬ್ಯಾರೆ ಊರಿನೋರ ರೋಬೋ ಜೊತಿ ಕಾದಾಡ್ಬೇಕು" ಎಂದು ಸೇರಿಸಿದರು. ಅವರ ಮಟ್ಟಿಗೆ ಅದು ಭಾಷಣ.

ಆಟ ನನಗೆ ಒಂದೇ ಮಧ್ಯಾಹ್ನದಲ್ಲಿ ಅರ್ಥವಾಯಿತು. ಪ್ರತಿ ರೋಬೋದ ಚೌಕಟ್ಟಿಗೆ ಇಂತಿಷ್ಟೇ ಭಾರ ಹೊರುವ ಮಿತಿ. ಅಷ್ಟರೊಳಗೆ ಎಂಜಿನ್, ಕಾಲು, ಗನ್, ರಾಕೆಟ್, ಮೈಮೇಲಿನ ರಕ್ಷಣೆಯ ಹೊದಿಕೆ ಎಲ್ಲ ಹೊಂದಬೇಕು. ಆ ಹೊದಿಕೆಗೆ ನಾನು ತಗಡು ಅಂದೆ, ಕೊನೆಗೆ ಇವರೂ ತಗಡು ಅನ್ನತೊಡಗಿದರು. ಎಲ್ಲ ಭಾಗಕ್ಕೂ ಬೆಲೆಯಿದೆ, ಕೈಯಲ್ಲಿರುವುದು ಆಟದ ನಾಣ್ಯ, ಅದೂ ಗೆದ್ದರೆ ಮಾತ್ರ ಬರುವಂಥದ್ದು. ಇವರು ಸಿಕ್ಕ ನಾಣ್ಯವನ್ನೆಲ್ಲ ರಾಕೆಟ್ಟಿಗೆ ಸುರಿದು ಅಗ್ಗದ ಎಂಜಿನ್ ಹಾಕಿದ್ದರು. ರೋಬೋ ಭುಜದ ಮೇಲೆ ನಾಲ್ಕು ರಾಕೆಟ್ ಹೊತ್ತು, ತುಂಬಿದ ಕಬ್ಬಿನ ಟ್ರ್ಯಾಕ್ಟರಿನಂತೆ ತೆವಳುತ್ತಿತ್ತು.

"ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು" ಎಂದುಬಿಟ್ಟೆ. ಬೀಗ ತೆರೆದದ್ದು ಆಗಲೇ.

ಇವರು ತಿರುಗಿ ನೋಡಿ ನಕ್ಕರು. ಮದುವೆಯಾದ ಮೇಲೆ ಅವರ ಹಲ್ಲು ಅಷ್ಟು ಪೂರ್ತಿಯಾಗಿ ಕಂಡದ್ದು ಅದೇ ಮೊದಲು. "ಹಂಗಾದ್ರ ನೀನಾ ಕಟ್ಟು ನೋಡೂಣು" ಎಂದು ಹಾಳಾದ ಜೆರಾಕ್ಸ್ ಹಾಳೆಗಳ ಕಟ್ಟು ಮುಂದಿಟ್ಟರು.

ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದೆ. ಒಂದು ಕಡೆ ಭಾಗದ ಹೆಸರು, ಪಕ್ಕದಲ್ಲಿ ಭಾರ, ಆಚೆ ಬೆಲೆ. ಎರಡು ರಾಕೆಟ್ ಮಾರಿಸಿದೆ, ಅರ್ಧ ಬೆಲೆ ಬಂತು. ಅದಕ್ಕೆ ಒಳ್ಳೆಯ ಎಂಜಿನ್. ಮಿಕ್ಕ ಭಾರಕ್ಕೆ ಎದೆಗೆ ದಪ್ಪ ತಗಡು, ಬೆನ್ನಿಗೆ ತೆಳ್ಳನೆಯದು. "ಬೆನ್ನಿಗ್ಯಾಕ ತೆಳ್ಳಂದು?" ಎಂದು ಕೇಳಿದರು. "ನೀವು ಬೆನ್ನು ತೋರ್ಸಿ ಓಡದಿದ್ರ ಆತು" ಎಂದೆ. ಅಂದು ಆ ರೋಬೋ ಮೂರು ಕಾಳಗ ಗೆದ್ದಿತು. ಆಮೇಲೆ ನಮ್ಮ ಮಾತಿಗೆ ಬರವಿರಲಿಲ್ಲ. ಪ್ರೀತಿಯ ಮಾತಲ್ಲ, ಎಂಜಿನ್ ಎಷ್ಟು ಭಾರ, ಗನ್ ಎಷ್ಟು ಬೇಗ ಕಾಯುತ್ತದೆ, ಇಂಥವೇ. ನನಗಂತೂ ಅದೇ ಪ್ರೀತಿಯಂತೆ ಕೇಳಿಸುತ್ತಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೇ ಕಾಯುತ್ತಿದ್ದೆ.

ಆ ಆಟದಲ್ಲಿ ಜೋಡಿ ಕಾಳಗವೂ ಇತ್ತು. ಇಬ್ಬರಿಗೆ ಎರಡು ರೋಬೋ, ನಾಣ್ಯದ ಚೀಲ ಮಾತ್ರ ಒಂದೇ. ಇವರು ನನಗೆ ಮೌಸ್ ಹಿಡಿಯುವುದನ್ನು, ಗುರಿ ಇಡುವುದನ್ನು ಕಲಿಸಿದರು. ಎರಡಕ್ಕೂ ಲೆಕ್ಕ ಹಾಕುವ ಕೆಲಸ ನನ್ನದು. ಹಾಳೆಯಲ್ಲಿ ಎರಡನ್ನೂ ಬರೆದೆ, ಕಟ್ಟಿದೆವು, ಇಳಿದೆವು, ಸೋತೆವು. ಮತ್ತೆ ಸೋತೆವು. ಒಂದೊಂದು ಸಲವೂ ನನ್ನ ರೋಬೋ ಎರಡೇ ಏಟಿಗೆ ಬೀಳುವುದು, ಆಮೇಲೆ ಎದುರಿನ ಇಬ್ಬರೂ ಇವರೊಬ್ಬರನ್ನು ಸುತ್ತಿಕೊಂಡು ಬಡಿಯುವುದು. ಇವರು ನೆಟ್ ನಿಧಾನ ಎಂದರು. ಮೌಸ್ ಸರಿಯಿಲ್ಲ ಎಂದರು, ಹೊಸಪೇಟೆಗೆ ಹೋಗಿ ಹೊಸ ಮೌಸ್ ತಂದರು. ಹೊಸ ಮೌಸ್ ಹಿಡಿದು ಇನ್ನೂ ಬೇಗ ಸತ್ತೆ.

ಒಂದು ಶುಕ್ರವಾರ ಮಧ್ಯಾಹ್ನ ಇವರು ನನ್ನ ಹಾಳೆಯನ್ನು ಎತ್ತಿಕೊಂಡು ಓದತೊಡಗಿದರು. ಅಲ್ಲಿಯವರೆಗೆ ಅವರು ತಮ್ಮ ಸಾಲು ನೋಡಿ ಹಾಳೆ ಇಟ್ಟುಬಿಡುತ್ತಿದ್ದರು.

"ಇದರಾಗ ನಿಂದು ಎಲ್ಲೈತಿ?"

"ಕೆಳಗ ನೋಡ್ರಿ, ಸಣ್ಣಗ ಬರದೀನಿ."

ಬೆರಳಿಟ್ಟು ಓದಿದರು. "ಇದಕ್ಕ ತಗಡಾ ಇಲ್ಲಲ್ಲ. ಎಂಜಿನ್ನೂ ಹಳೇದು, ನಾ ಬಿಚ್ಚಿ ಒಗದಿದ್ದು."

"ಉಳದಿದ್ರಾಗ ಅಷ್ಟಾ ಬಂತು."

"ಪ್ರತಿ ಸಲ ಹಿಂಗಾ ಮಾಡಿಯೇನು?"

"ಮತ್ತ ಹೆಂಗ ಮಾಡ್ತಾರ್ರಿ? ಮೊದ್ಲು ನಿಮಗ. ಉಳದಿದ್ದು ನನಗ."

ಹೇಳುವಾಗ ನನಗದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ತ್ಯಾಗ ಮಾಡುತ್ತಿದ್ದೇನೆ ಎಂಬ ಎಣಿಕೆಯೂ ಇರಲಿಲ್ಲ. ಚೀಲ ಒಂದೇ ಅಂದಮೇಲೆ ಕೈ ತಾನಾಗಿ ಹಾಗೆ ಹಂಚಿತ್ತು. ಇವರು ಮೊದಲು ನಕ್ಕರು, ನಾನೂ ನಕ್ಕೆ. "ಎರಡು ತಿಂಗಳ ಸೋತಿದ್ದು ಇದಕ್ಕೇನು! ಸುಮ್ನ ಮೌಸಿಗೆ ಬೈದೆ" ಎಂದರು. ಆಮೇಲೆ ಅವರ ನಗು ನಿಂತಿತು. ಹಾಳೆಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು.

"ಮನ್ಯಾಗೂ ಹಿಂಗಾ ಏನು?"

ಇಲ್ಲ ಎನ್ನಬಹುದಿತ್ತು. ಐದು ತಿಂಗಳಿಂದ ರೂಢಿಯಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಯಾರೋ ಒಬ್ಬರು, ಒಲೆ ಆರಿಸದೆ, ಕೈ ತೊಳೆಯದೆ ಕೇಳಿದಂತಿತ್ತು ಆ ಪ್ರಶ್ನೆ.

"ನನಗ ಹಸಿವಾಗತೈತ್ರಿ" ಎಂದೆ. ಹೇಳಿದ್ದೇ ತಡ, ಅಳು ಬಂತು. ಹಸಿವಿಗೆ ಅಳುವುದೆಂದರೆ ಎಂಥ ಅವಮಾನ! ಎದುರಿನ ಅಂಗಡಿಯವರಿಗೆ ಕಾಣಬಾರದೆಂದು ಮಾನಿಟರಿನ ಹಿಂದೆ ಮುಖ ಮುಚ್ಚಿಕೊಂಡೆ.

ಇವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಸಿಟ್ಟಾದರೇನೋ ಎಂದುಕೊಂಡೆ. ಹತ್ತು ನಿಮಿಷಕ್ಕೆ ಬಂದರು. ಕೈಯಲ್ಲಿ ಪೇಪರಿನ ಪೊಟ್ಟಣ, ಒಗ್ಗರಣೆ ಮಂಡಕ್ಕಿ, ನಾಲ್ಕು ಬಿಸಿ ಮಿರ್ಚಿ. ಕೌಂಟರಿನ ಕೆಳಗೆ ಕೂರಿಸಿ ನನ್ನ ಮುಂದೆ ಬಿಚ್ಚಿದರು. "ನೀವು?" ಎಂದೆ. "ಸುಮ್ನ ತಿನ್ನು" ಎಂದರು. ಅಷ್ಟರಲ್ಲಿ ತಂಬ್ರಹಳ್ಳಿಯ ಒಬ್ಬರು ಪಹಣಿ ಜೆರಾಕ್ಸ್ ಮಾಡಿಸಲು ಬಂದರು. ಇವರು ಕೌಂಟರಿಗೆ ಅಡ್ಡ ನಿಂತು ಬೇಕೆಂದೇ ನಿಧಾನವಾಗಿ ಜೆರಾಕ್ಸ್ ತೆಗೆದರು. ನಾನು ಕೆಳಗೆ ಕೂತು, ಸಪ್ಪಳ ಮಾಡದೆ, ಮಂಡಕ್ಕಿಯ ಕೊನೆಯ ಕಾಳಿನವರೆಗೂ ತಿಂದೆ.

ಭಾನುವಾರ ಬೆಳಿಗ್ಗೆಯೇ ಇವರು ನನ್ನನ್ನು ಅಂಗಡಿಗೆ ಕರೆದರು. ಕಾಳಗಕ್ಕೆ ಈ ಸಲ ಇವರೇ ಹಾಳೆ ಬರೆದರು. ನಡುವೆ ಗೆರೆ ಎಳೆದು ಚೀಲವನ್ನು ಸಮ ಮಾಡಿದರು. ನನ್ನ ಎದೆಗೆ ದಪ್ಪ ತಗಡು ಬಂತು. ಅಂದೂ ಸೋತೆವು. ಆದರೆ ನಮ್ಮಿಬ್ಬರಲ್ಲಿ ಮೊದಲು ಸತ್ತವರು ಇವರು. ನಾನು ಒಬ್ಬಳೇ ಬಹಳ ಹೊತ್ತು ನಿಂತಿದ್ದೆ, ಇವರು ನನ್ನ ಹೆಗಲ ಹಿಂದಿನಿಂದ "ಹೊಡಿ, ಹೊಡಿ, ಎಡಕ್ಕ!" ಎಂದು ಕೂಗುತ್ತಿದ್ದರು.

ಮಧ್ಯಾಹ್ನ ಮಾವನವರೂ ಮೈದುನರೂ ಉಂಡೆದ್ದರು. ಇವರು ಮಾತ್ರ ಅಂಗಡಿಯಲ್ಲಿ ಕೆಲಸವಿದೆ ಎಂದು ಬರಲಿಲ್ಲ. "ಅವ್ವಾ, ನೀವು ಕುಂದ್ರಿ, ನಾ ಬರ್ತೀನಿ" ಎಂದು ಹೇಳಿ ಕಳಿಸಿದ್ದರು. ಮಗನಿಗಿಂತ ಮೊದಲು ಉಣ್ಣುವುದು ಅತ್ತೆಗೆ ಆಗದ ಮಾತು, ಕಾದು ಕೂತರು. ಬಂದವರು ನೇರ ನಮ್ಮಿಬ್ಬರ ಪಕ್ಕದಲ್ಲೇ ನೆಲಕ್ಕೆ ಕೂತು ಬುಟ್ಟಿಯ ಬಟ್ಟೆ ಸರಿಸಿದರು. ನಾಲ್ಕು ರೊಟ್ಟಿ ಇದ್ದವು.

"ಮೂರು ಮಂದಿಗೆ ಇಷ್ಟಾ ಏನವ್ವ?"

"ನೀ ಉಣ್ಣಪಾ, ನಮಗೆಷ್ಟು ಬೇಕು" ಎಂದರು ಅತ್ತೆ.

ಹೆಂಡತಿಯ ಪರ ಮಾತಾಡಿದರೆ ತಾಯಿಗೆ ನೋವು, ಸುಮ್ಮನಿದ್ದರೆ ನನಗೆ. ಇವರು ಎರಡನ್ನೂ ಮಾಡಲಿಲ್ಲ. "ನನಗ ಹಸಿವು ಭಾಳ ಐತಿ, ಇನ್ನೊಂದೀಟು ಬಡೀರಿ, ಮೂವರೂ ಕೂಡಿ ಬಿಸೇವು ಉಣ್ಣೂಣು" ಎಂದರು. ಸುಳ್ಳು ಹೇಳಲು ಬಾರದ ಮನುಷ್ಯ, ಕಿವಿ ಕೆಂಪಾಗಿದ್ದವು. ನಾನು ಎದ್ದು ಒಲೆ ಹೊತ್ತಿಸಿದೆ.

ಹಂಚಿನಿಂದ ಮೊದಲನೆಯದನ್ನು ತೆಗೆದು ಇವರ ತಟ್ಟೆಗೆ ಹಾಕಿದೆ. ಇವರು ಅದನ್ನು ಎತ್ತಿ ತಾಯಿಯ ತಟ್ಟೆಗೆ ಹಾಕಿದರು. "ಅಯ್ಯ, ನನಗ್ಯಾಕೋ" ಎನ್ನುತ್ತಲೇ ಅತ್ತೆ ತುದಿ ಮುರಿದು ಬಾಯಿಗಿಟ್ಟರು. ಎರಡನೆಯದನ್ನು ಇವರು ನನಗೆಂದು ಒಲೆಯ ಪಕ್ಕ ಇಡಿಸಿದರು. ಮೂರನೆಯದನ್ನು ಹಿಡಿದು ನಾನು ಇವರ ಕಡೆ ತಿರುಗುವಷ್ಟರಲ್ಲಿ ಅತ್ತೆಯ ತಟ್ಟೆ ಮುಂದೆ ಬಂತು. ಅವರು ತಲೆ ಎತ್ತಲಿಲ್ಲ.

"ನನಗ ಹಾಕವಾ" ಎಂದರು.

ಹಾಕಿದೆ. ಅದು ಮುಗಿಯಿತು. ಇನ್ನೊಂದು ಹಾಕಿದೆ. ಇವರು ಕೈ ತಟ್ಟೆಯಲ್ಲಿಟ್ಟುಕೊಂಡು, ಉಣ್ಣುವುದನ್ನು ಮರೆತು, ತಾಯಿಯನ್ನೇ ನೋಡುತ್ತಿದ್ದರು. ಅತ್ತೆ ಆ ಮನೆಗೆ ಬಂದು ಆಗ ಮೂವತ್ತನಾಲ್ಕು ವರ್ಷ. ಆ ಒಲೆಯ ಮುಂದೆ ಕೂತು ಎಷ್ಟು ಸಾವಿರ ರೊಟ್ಟಿ ಬಡಿದಿದ್ದರೋ. ತುತ್ತು ನುಂಗಿ, ನಮ್ಮಿಬ್ಬರನ್ನೂ ನೋಡಿ, ಮೊದಲ ಸಲ ತಿಂದವರ ಹಾಗೆ ಕೇಳಿದರು.

"ಬಿಸಿ ರೊಟ್ಟಿ ಹಿಂಗ ಇರತೈತೇನು?"